ಮಷೀನು ಮಾರಲಿಲ್ಲ: ಸಕ್ಕರೆ ಕಾಯಿಲೆ ಕಣ್ಣಿಗಿಳಿದ ಮೇಲೆ ನನ್ನ ಹೊಲಿಗೆ

‘ಮಷೀನು ಮಾರಿಬಿಡು ಮಾರಾಯ’ ಅಂತ ಓಣಿಯ ಟೈಲರುಗಳೆಲ್ಲ ಹೇಳಿ ಮೂರು ವರ್ಷ ಆಯಿತು. ಈ ದೀಪಾವಳಿಗೆ ನಲವತ್ತು ಚಿಲ್ಲರೆ ಬ್ಲೌಸ್ ಹೊಲಿದುಕೊಟ್ಟೆ. ಒಂದೂ ವಾಪಸ್ ಬಂದಿಲ್ಲ.

ಸಕ್ಕರೆ ಕಾಯಿಲೆ ಬಂದು ಹದಿನಾಲ್ಕು ವರ್ಷ. ನೋವಿಲ್ಲ ಅಂತ ಕಣ್ಣು ತೋರಿಸಿರಲಿಲ್ಲ. ಅಳತೆ ಟೇಪಿನ ಮೇಲೆ 3, 8 ಒಂದೇ ಥರ ಕಾಣತೊಡಗಿತು. ಕನ್ನಡಕದ ತಪ್ಪು ಅಂದುಕೊಂಡು ಮೂರು ತಿಂಗಳಲ್ಲಿ ಎರಡು ಕನ್ನಡಕ ಮಾಡಿಸಿದೆ. ಐದು ಸಾವಿರ ದಂಡ. ಸಕ್ಕರೆ ಏರಿಳಿದ ಹಾಗೆ ಕಣ್ಣಿನ ನಂಬರೂ ಕುಣಿಯುತ್ತೆ ಅಂತ ಆಗ ಯಾರಿಗೆ ಗೊತ್ತು?

ಆಮೇಲೆ ಡಾಕ್ಟರು ರೆಟಿನಾ, ಅಂದರೆ ಕಣ್ಣಿನ ಹಿಂದಿನ ಪರದೆಯ ಮಧ್ಯೆ ನೀರು ತುಂಬಿದೆ ಅಂದರು. ಕಣ್ಣಿನೊಳಗೇ ಇಂಜೆಕ್ಷನ್, ಮೊದಲು ತಿಂಗಳಿಗೊಂದು. ಅಗ್ಗದ ಔಷಧಿಯೇ ಆದರೂ ಸ್ಕ್ಯಾನು, ಓಡಾಟ ಸೇರಿ ಅರವತ್ತು ಸಾವಿರದ ಹತ್ತಿರ ಹೋಯಿತು. ಹೆಂಡತಿಯ ಸರ ಇನ್ನೂ ಅಡವಿದೆ. ಪಾಪೆ ಹಿಗ್ಗಿಸುವ ಹನಿ ಹಾಕಿದ ದಿನ ಸಂಜೆವರೆಗೂ ಎಲ್ಲ ಮಂಜು. ಆ ದಿನದ ದುಡಿಮೆಯೂ ಹೋಯಿತು ಅಂತಲೇ ಲೆಕ್ಕ.

ದೊಡ್ಡ ಪೆಟ್ಟು ಬಿದ್ದಿದ್ದು ಒಂದು ಮದುವೆ ಪ್ಯಾಂಟಿನಲ್ಲಿ. ಕಪ್ಪು ಬಟ್ಟೆಗೆ ನೇವಿ ಬ್ಲೂ ದಾರ ಹಾಕಿದ್ದೆ. ಟ್ಯೂಬ್‌ಲೈಟಿನಲ್ಲಿ ನನಗೆ ಎರಡೂ ಕಪ್ಪೇ. ಗಿರಾಕಿ ಬಾಗಿಲ ಬಿಸಿಲಿಗೆ ಹಿಡಿದು ನೋಡಿ, ಏನೂ ಹೇಳದೆ ಪ್ಯಾಂಟನ್ನು ಮೇಜಿನ ಮೇಲಿಟ್ಟ. ಬಟ್ಟೆ ದುಡ್ಡು 1400 ಕಟ್ಟಿಕೊಟ್ಟೆ.

ದೀಪ ಜಾಸ್ತಿ ಮಾಡಿದರೆ ಸರಿಹೋಗುತ್ತೆ ಅಂದುಕೊಂಡಿದ್ದೆ. ದೊಡ್ಡ ಎಲ್‌ಇಡಿ ಹಾಕಿದರೆ ಕಣ್ಣು ಕೋರೈಸಿ ಇನ್ನೂ ಕಾಣಲಿಲ್ಲ. ಈಗ ಸಣ್ಣ ದೀಪ, ಎಡಗಡೆ, ಸೂಜಿಯ ಮಟ್ಟಕ್ಕೆ ಇಳಿಸಿಟ್ಟಿದ್ದೇನೆ. ಕಪ್ಪು ದಾರ ಪೋಣಿಸುವಾಗ ಸೂಜಿ ಹಿಂದೆ ಬಿಳಿ ರಟ್ಟು, ಬಿಳಿ ದಾರಕ್ಕೆ ಕಪ್ಪು ರಟ್ಟು. ಅಂಚಿನ ಹೊಲಿಗೆಗೆ ಕಣ್ಣೇ ಬೇಡ. ಮಷೀನಿನ ಪ್ಲೇಟಿನ ಮೇಲೆ ಸೂಜಿಯಿಂದ ಅರ್ಧ ಇಂಚಿಗೆ ಇನ್ಸುಲೇಶನ್ ಟೇಪನ್ನು ಐದಾರು ಪದರ ಅಂಟಿಸಿದ್ದೇನೆ. ಬಟ್ಟೆಯ ಅಂಚು ಅದಕ್ಕೆ ತಾಗಿಕೊಂಡು ಹೋದರೆ ಸಾಕು, ಬೆರಳಿಗೇ ಗೊತ್ತಾಗುತ್ತೆ. ಜರಿ ಅಂಚಿಗೆ ಬೇರೆ ಉಪಾಯ ಇದೆ. ಅದು ಅಂಗಡಿಗೆ ಬಂದವರಿಗೆ ಮಾತ್ರ!

ಸುಮ್ನೆ ಇರಲಾರದೆ ಫೋನಿನ ಕ್ಯಾಮೆರಾ ಜೂಮ್ ಮಾಡಿ ಹೊಲಿದೂ ನೋಡಿದೆ. ಪರದೆಯಲ್ಲಿ ಚಿತ್ರ ಒಂದು ಚೂರು ತಡವಾಗಿ ಬರುತ್ತೆ. ಅಷ್ಟರಲ್ಲಿ ಸೂಜಿ ಬೆರಳಿಗೆ ಇಳಿದಿತ್ತು.

ಗೋಡೆಗೆ ಒಂದು ಚೌಕುಳಿ ಬಟ್ಟೆ ತೂಗುಹಾಕಿದ್ದೇನೆ. ಬೆಳಿಗ್ಗೆ ಒಂದೊಂದೇ ಕಣ್ಣು ಮುಚ್ಚಿ ನೋಡುತ್ತೇನೆ. ಹೋದ ಶ್ರಾವಣದಲ್ಲಿ ಬಲಗಣ್ಣಿಗೆ ಗೆರೆಗಳು ಸೊಟ್ಟ ಕಂಡವು. ಬಟ್ಟೆ ಸುಕ್ಕಾಗಿದೆ ಅಂತ ಇಳಿಸಿ ಇಸ್ತ್ರಿ ಮಾಡಿದೆ. ಆಗಲೂ ಸೊಟ್ಟವೇ. ಮಾರನೇ ದಿನ ಆಸ್ಪತ್ರೆಗೆ ಹೋದರೆ, ನೀರು ಮತ್ತೆ ಸೇರಿತ್ತು. ಬೇಗ ಬಂದಿದ್ದಕ್ಕೆ ಎರಡೇ ಇಂಜೆಕ್ಷನ್ನಿಗೆ ಇಳಿಯಿತು.

ಕಪ್ಪು ಬಟ್ಟೆ ಮಾತ್ರ ನಾಲ್ಕು ಗಂಟೆ ಮೇಲೆ ಮುಟ್ಟುವುದಿಲ್ಲ. ದಾರದ ಉಂಡೆಗಳ ಮೇಲೆ ಬಣ್ಣದ ಹೆಸರನ್ನು ಮಗಳು ದಪ್ಪ ಅಕ್ಷರದಲ್ಲಿ ಬರೆದಿಟ್ಟಿದ್ದಾಳೆ.