‘ಇಲಿಗಳಲ್ಲಿ’ ಅನ್ನುವ ಪದ ತಲೆಬರಹದಲ್ಲೇ ಇರಲಿ

ವಿಶ್ವವಿದ್ಯಾಲಯದ ಸುದ್ದಿ ವಿಭಾಗದಲ್ಲಿ ನನಗೆ ಎರಡು ಕೆಲಸ. ನಮ್ಮವರ ಸಂಶೋಧನಾ ಪ್ರಬಂಧಗಳನ್ನು ಸುದ್ದಿಯಾಗಿ ಬರೆಯುವುದು ಒಂದು. ವಿದ್ಯಾರ್ಥಿವೇತನ, ಹಾಸ್ಟೆಲ್, ಆಪ್ತಸಮಾಲೋಚನೆಯ ಪ್ರಕಟಣೆಗಳು ಇನ್ನೊಂದು. ಮೊದಲನೆಯದಕ್ಕೆ ಹೆಸರು ಜಾಸ್ತಿ, ಎರಡನೆಯದಕ್ಕೆ ಓದುಗರು ಜಾಸ್ತಿ.

ಪ್ರಬಂಧ ಕೈಗೆ ಬಂದರೆ ಸಾರಾಂಶವನ್ನು ನಾನು ಕೊನೆಗೆ ಓದುತ್ತೇನೆ. ಮೊದಲು ಪ್ರಯೋಗದ ವಿಧಾನ, ಆಮೇಲೆ ಮಿತಿಗಳ ಬಗ್ಗೆ ಬರೆದಿರುವ ಪ್ಯಾರಾ. ಪ್ರಯೋಗ ಯಾರ ಮೇಲೆ ನಡೆಯಿತು, ಎಷ್ಟು ಜನ ಇದ್ದರು, ಯಾರ ಜೊತೆ ಹೋಲಿಸಿದರು ಅನ್ನೋದೆಲ್ಲ ಅಲ್ಲೇ ಸಿಗುತ್ತದೆ. ಸಾರಾಂಶ ಮೊದಲೇ ಓದಿದರೆ ತಲೆಬರಹ ಮನಸ್ಸಲ್ಲಿ ಕೂತುಬಿಡುತ್ತದೆ. ಆಮೇಲೆ ಅದನ್ನು ಎಬ್ಬಿಸೋದು ಕಷ್ಟ.

ಇಲಿಗಳ ಮೇಲೆ ಮಾಡಿದ ಪ್ರಯೋಗವಾದರೆ ಆ ಮಾತು ತಲೆಬರಹದಲ್ಲೇ ಬರಬೇಕು, ಆರನೇ ಪ್ಯಾರಾದಲ್ಲಲ್ಲ. ಇದಕ್ಕೆ ವಾದ ನಡೆಯುತ್ತಲೇ ಇರುತ್ತದೆ. ‘ಹಾಗೆ ಬರೆದರೆ ಯಾರ್ರೀ ಓದ್ತಾರೆ?’ ಅನ್ನುತ್ತಾರೆ. ಆಗ 2014ರಲ್ಲಿ ಬಿಎಂಜೆ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ತೋರಿಸುತ್ತೇನೆ. ಬ್ರಿಟನ್ನಿನ 20 ವಿಶ್ವವಿದ್ಯಾಲಯಗಳ 462 ಪತ್ರಿಕಾ ಪ್ರಕಟಣೆಗಳನ್ನು ಮೂಲ ಪ್ರಬಂಧದ ಪಕ್ಕ ಇಟ್ಟು ನೋಡಿದ್ದರು. ಪ್ರಬಂಧದಲ್ಲಿ ಇದ್ದದ್ದಕ್ಕಿಂತ ಉಬ್ಬಿಸಿದ ಸಲಹೆ ಶೇ. 40ರಷ್ಟು ಕಡೆ. ಪ್ರಾಣಿಗಳಲ್ಲಿ ಕಂಡದ್ದನ್ನು ಮನುಷ್ಯರಿಗೆ ಅಂಟಿಸಿದ್ದು ಶೇ. 36ರಷ್ಟು ಕಡೆ. ಪತ್ರಕರ್ತರನ್ನು ಬೈಯೋದು ಸುಲಭ, ಆದರೆ ಗಾಳಿ ಹಾಕಿದ್ದು ಬಹಳ ಸಲ ನಮ್ಮಂಥವರೇ. ಉಬ್ಬಿಸಿದ ಪ್ರಕಟಣೆಗೆ ಪತ್ರಿಕೆಗಳಲ್ಲಿ ಹೆಚ್ಚು ಜಾಗ ಸಿಕ್ಕಿತು ಅನ್ನೋದಕ್ಕೂ ಅವರಿಗೆ ಗಟ್ಟಿ ಪುರಾವೆ ಸಿಗಲಿಲ್ಲ. ಇಷ್ಟು ಹೇಳಿದ ಮೇಲೆ ವಾದ ಸ್ವಲ್ಪ ತಣ್ಣಗಾಗುತ್ತದೆ.

ಶೇಕಡಾ ಲೆಕ್ಕ ಕಂಡರೂ ನಿಲ್ಲುತ್ತೇನೆ. ‘ಅಪಾಯ ಶೇ. 50 ಹೆಚ್ಚಳ’ ಅಂದರೆ 1,000 ಜನರಲ್ಲಿ 2 ಇದ್ದದ್ದು 3 ಆಗಿರಬಹುದು, ಅಲ್ವಾ? ಹಾಗಿದ್ದರೆ ಅದನ್ನೇ ಬರೆಯುತ್ತೇನೆ. ಪರಿಣತರ ವಿಮರ್ಶೆ ಇನ್ನೂ ಆಗದ ಪ್ರಬಂಧವಾದರೆ ಅದೂ ಮೇಲೆಯೇ ಬರುತ್ತದೆ.

ಸಂಶೋಧಕರಿಗೆ ನಾನು ಕೇಳುವ ಪ್ರಶ್ನೆಗಳಲ್ಲಿ ಹೆಚ್ಚು ಉಪಯೋಗಕ್ಕೆ ಬರೋದು ಒಂದೇ: ‘ಮೇಡಂ, ಇದನ್ನು ಓದಿದವರು ಏನಂತ ತಪ್ಪು ತಿಳಿಯಬಹುದು?’ ಮಹತ್ವ ಏನು ಅಂತ ಕೇಳಿದರೆ ಅನುದಾನ ಕೇಳುವ ಅರ್ಜಿಯ ಭಾಷೆ ಬರುತ್ತದೆ. ಇದನ್ನು ಕೇಳಿದರೆ ಮಾತು ಬಿಚ್ಚುತ್ತಾರೆ. ‘ಔಷಧಿ ಬಂದೇಬಿಟ್ಟಿತು ಅಂದ್ಕೋತಾರೆ. ಇದಿನ್ನೂ ಗಾಜಿನ ತಟ್ಟೆಯ ಜೀವಕೋಶಗಳಲ್ಲಿ ಕಂಡಿರೋದು ಅಷ್ಟೇ’ ಅಂತ ಹೇಳಿದರೆ, ಅದು ಹಾಗೇ ನನ್ನ ಎರಡನೇ ಪ್ಯಾರಾ.

ವಿದ್ಯಾರ್ಥಿ ಪ್ರಕಟಣೆಗಳಿಗೂ ಇದೇ ದಾರಿ. ಕಚೇರಿಯಿಂದ ಬರುವ ಕರಡು ‘ಈ ಮೂಲಕ ಸಮಸ್ತ ವಿದ್ಯಾರ್ಥಿಗಳಿಗೆ ತಿಳಿಯಪಡಿಸುವುದೇನೆಂದರೆ’ ಅಂತ ಶುರುವಾಗುತ್ತದೆ. ಕೊನೆಯ ದಿನಾಂಕ ಎರಡನೇ ಪುಟದ ಕೆಳಗೆ ಇರುತ್ತದೆ. ನಾನು ದಿನಾಂಕವನ್ನು ಮೊದಲ ಸಾಲಿಗೆ ತರುತ್ತೇನೆ. ಆಮೇಲೆ ಯಾರು ಅರ್ಜಿ ಹಾಕಬಹುದು, ಯಾವ ಕಾಗದ ಬೇಕು, ಯಾರನ್ನು ಕೇಳಬೇಕು. ಯಾರಿಗೆ ಸಿಗಲ್ಲ ಅನ್ನೋದನ್ನೂ ಬರೆಯುತ್ತೇನೆ. ಸುಮ್ನೆ ಸರದಿಯಲ್ಲಿ ನಿಲ್ಲಿಸೋದು ಯಾಕೆ?

ಆಪ್ತಸಮಾಲೋಚನೆಯ ಪ್ರಕಟಣೆಗೆ ಜಾಸ್ತಿ ಹೊತ್ತು ಕೂರುತ್ತೇನೆ. ಅಲ್ಲಿ ಓದುವವರ ಮೊದಲ ಅನುಮಾನ ‘ಮಾತು ಹೊರಗೆ ಹೋಗುತ್ತಾ?’ ಅನ್ನೋದು. ಗುಟ್ಟಾಗಿರುತ್ತದೆ ಅಂತ ಮೊದಲೇ ಹೇಳುತ್ತೇನೆ. ಜೀವಕ್ಕೆ ಅಪಾಯವಿದೆ ಅನಿಸಿದಾಗ ಬೇರೆಯವರಿಗೆ ತಿಳಿಸಬೇಕಾಗಬಹುದು ಅನ್ನೋದನ್ನೂ ಅದರ ಪಕ್ಕದಲ್ಲೇ ಇಡುತ್ತೇನೆ. ಇದನ್ನು ಓದಿದರೆ ಯಾರೂ ಬರೋದಿಲ್ಲವೇನೋ ಅಂತ ಕಚೇರಿಯವರಿಗೆ ಅಳುಕಿತ್ತು. ಸಮಾಲೋಚಕರೇ ಇದು ಇರಲಿ ಅಂದರು. ಒಳಗೆ ಬಂದು ಕೂತವರಿಗೆ ಅವರು ಮೊದಲು ಹೇಳುವುದೂ ಅದನ್ನೇ ಅಂತೆ.