ಗಾಜಿನ ಪಾಕಕ್ಕೂ ಒಂದು ಹದ ಇದೆ

ಮೊದಲ ದಿನ ನಾನು ಮಾಡಿದ ಮಣಿ ಈಗಲೂ ನನ್ನ ಹತ್ತಿರ ಇದೆ. ಕಪ್ಪು ಬಣ್ಣದ್ದು. ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಪೂರ. ತೂತಿನ ಅಂಚು ಎಷ್ಟು ಚೂಪಾಗಿದೆ ಅಂದರೆ ದಾರ ಪೋಣಿಸಿದರೆ ಎರಡೇ ದಿನದಲ್ಲಿ ಕತ್ತರಿಸಿ ಹೋಗುತ್ತದೆ. ವಿಡಿಯೊ ಕಾಲ್‌ನಲ್ಲಿ ಅಮ್ಮನಿಗೆ ತೋರಿಸಿದೆ. ಪುತ್ತೂರಿನ ಮನೆಯ ಜಗಲಿಯಲ್ಲಿ ಕೂತಿದ್ದ ಅಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿದರು. "ಕರಿಮಣಿಯಾ? ಇಷ್ಟು ದೊಡ್ಡದು ಎಂತಕ್ಕೆ?" ಅಂದರು.

ಆಗ ನನ್ನ ಕೈ ಕುತ್ತಿಗೆಗೆ ಹೋಯಿತು. ಕರಿಮಣಿಯೂ ಗಾಜೇ ಅಲ್ವಾ? ಅಷ್ಟು ವರ್ಷ ಹಾಕಿಕೊಂಡಿದ್ದರೂ ಅದನ್ನು ಯಾರು, ಹೇಗೆ ಮಾಡಿರಬಹುದು ಅಂತ ಒಮ್ಮೆಯೂ ಯೋಚಿಸಿರಲಿಲ್ಲ.

ನಾನಿರುವುದು ಬೋಸ್ಟನ್ ಹತ್ತಿರ. ಕೆಲಸವೆಲ್ಲ ಕಂಪ್ಯೂಟರ್ ಮುಂದೆ. ಮನೆಯಿಂದ ಇಪ್ಪತ್ತು ನಿಮಿಷ ದೂರದಲ್ಲಿ ಒಂದು ಗಾಜಿನ ಸ್ಟುಡಿಯೊ ಇದೆ. ಎಂಟು ಶನಿವಾರ, ದಿನಕ್ಕೆ ಮೂರು ಗಂಟೆ, ಒಂದು ತರಗತಿಗೆ ಆರೇ ಜನ. ಗಾಜಿನ ಕೆಲಸ ಅಂದರೆ ದೊಡ್ಡ ಕುಲುಮೆಯಿಂದ ಕರಗಿದ ಗಾಜು ತೆಗೆದು ಉದ್ದ ಕೊಳವೆಯಲ್ಲಿ ಊದುವುದು ಅಂತ ತುಂಬಾ ಜನ ತಿಳಿದಿರುತ್ತಾರೆ. ನಾನು ಕಲಿತದ್ದು ಬೇರೆ. ಮೇಜಿಗೆ ಒಂದು ಬರ್ನರ್ ಬಿಗಿದಿರುತ್ತದೆ. ಅದರ ಮುಂದೆ ಕೂತು, ಪೆನ್ಸಿಲ್‌ನಷ್ಟು ದಪ್ಪದ ಗಾಜಿನ ಕಡ್ಡಿಯನ್ನು ಉರಿಯಲ್ಲಿ ಕರಗಿಸಿ ಮಣಿ, ಎಲೆ, ಹೂವು ಮಾಡುವುದು. ಫ್ಲೇಮ್‌ವರ್ಕಿಂಗ್ ಅನ್ನುತ್ತಾರೆ. ಹಳೆಯ ಹೆಸರು ಲ್ಯಾಂಪ್‌ವರ್ಕಿಂಗ್. ಹಿಂದೆ ಎಣ್ಣೆ ದೀಪದ ಕುಡಿಗೆ ಗಾಳಿ ಊದಿ ಉರಿ ಜೋರು ಮಾಡಿಕೊಳ್ಳುತ್ತಿದ್ದರಂತೆ, ಅದಕ್ಕೇ ಆ ಹೆಸರು. ಇದನ್ನು ಕೇಳಿದಾಗ ನಮ್ಮೂರ ಅಕ್ಕಸಾಲಿಗರು ನೆನಪಾದರು. ಊದುಗೊಳವೆ ಬಾಯಲ್ಲಿಟ್ಟು, ಕೆನ್ನೆ ಉಬ್ಬಿಸಿ, ದೀಪದ ಕುಡಿಯನ್ನು ಸೂಜಿಯ ಹಾಗೆ ಮಾಡಿ ಬೆಸುಗೆ ಹಾಕುತ್ತಿದ್ದರು.

ಮೊದಲ ಅರ್ಧ ಗಂಟೆ ಗಾಜು ಮುಟ್ಟಲು ಬಿಡಲಿಲ್ಲ. ಹತ್ತಿ ಬಟ್ಟೆಯೇ ಹಾಕಿರಬೇಕು, ಸಿಂಥೆಟಿಕ್ ಆದರೆ ಕಿಡಿ ಬಿದ್ದಲ್ಲಿ ಕರಗಿ ಮೈಗೆ ಅಂಟುತ್ತದೆ. ಕೂದಲು ಕಟ್ಟಿರಬೇಕು. ಹೊಗೆ ಎಳೆಯುವ ಫ್ಯಾನ್ ಓಡುತ್ತಿರಬೇಕು. ಹಚ್ಚುವಾಗ ಮೊದಲು ಪ್ರೊಪೇನ್, ಆಮೇಲೆ ಆಕ್ಸಿಜನ್. ಆರಿಸುವಾಗ ಮೊದಲು ಆಕ್ಸಿಜನ್, ಕೊನೆಗೆ ಪ್ರೊಪೇನ್. ಬರೀ ಪ್ರೊಪೇನ್ ಇದ್ದಾಗ ಉರಿ ಹಳದಿಯಾಗಿ ಮಸಿ ಕಾರುತ್ತಾ ಜೋಲಾಡುತ್ತದೆ. ಆಕ್ಸಿಜನ್ ತಿರುಗಿಸುತ್ತಾ ಹೋದ ಹಾಗೆ ಅದು ಮೈ ಬಿಗಿದುಕೊಂಡು ನೀಲಿಯಾಗುತ್ತದೆ, ಬರ್ನರ್ ಬಾಯಲ್ಲಿ ಪುಟ್ಟ ಪುಟ್ಟ ನೀಲಿ ಮೊನೆಗಳು ಸಾಲಾಗಿ ನಿಲ್ಲುತ್ತವೆ. ಆ ಶಬ್ದ ನನಗೆ ಇವತ್ತಿಗೂ ಇಷ್ಟ.

ಕನ್ನಡಕದ ವಿಷಯ ಹೇಳಲೇಬೇಕು. ಗಾಜಿನಲ್ಲಿ ಸೋಡಿಯಂ ಇರುತ್ತದೆ. ಉರಿಗೆ ಹಿಡಿದ ಕೂಡಲೇ ಕಣ್ಣು ಕುಕ್ಕುವ ಹಳದಿ ಬೆಳಕು ಎದ್ದು, ಒಳಗೆ ಗಾಜು ಏನು ಮಾಡುತ್ತಿದೆ ಅಂತ ಕಾಣುವುದೇ ಇಲ್ಲ. ಡಿಡಿಮಿಯಂ ಕನ್ನಡಕ ಹಾಕಿದರೆ ಆ ಹಳದಿ ಪೂರ್ತಿ ಮಾಯ. ಉರಿ ಬರೀ ತೆಳು ಪರದೆಯ ಹಾಗೆ ಕಾಣುತ್ತದೆ, ಅದರೊಳಗೆ ಗಾಜಿನ ಕೆಂಪು ತುದಿ ಸ್ಪಷ್ಟವಾಗಿ ನಿಂತಿರುತ್ತದೆ.

ಕಡ್ಡಿಯನ್ನು ಸೀದಾ ಉರಿಯ ಮಧ್ಯಕ್ಕೆ ತಂದರೆ ಪಟ್ ಅಂತ ಸಿಡಿಯುತ್ತದೆ. ಮೊದಲ ವಾರ ನನ್ನದು ಮೂರು ಸಲ ಸಿಡಿಯಿತು. ಉರಿಯ ದೂರದ ತುದಿಯಲ್ಲಿ, ಆಚೆ ಈಚೆ ಆಡಿಸುತ್ತಾ, ತಿರುಗಿಸುತ್ತಾ, ಮೆಲ್ಲಗೆ ಒಳಗೆ ತರಬೇಕು. ತುದಿ ಕೆಂಪಾಗಿ ಗುಂಡಗಾದ ಮೇಲೆ, ಇನ್ನೊಂದು ಕೈಯಲ್ಲಿರುವ ಸ್ಟೀಲ್ ಕಡ್ಡಿಗೆ ಸುತ್ತಬೇಕು. ಅದನ್ನು ಮ್ಯಾಂಡ್ರೆಲ್ ಅನ್ನುತ್ತಾರೆ. ಅದರ ಮೇಲೆ ಜೇಡಿಮಣ್ಣಿನಂಥ ಲೇಪ ಒಣಗಿಸಿಟ್ಟಿರುತ್ತಾರೆ, ಮಣಿ ಅಂಟಿಕೊಳ್ಳದೆ ಕಳಚಿ ಬರಲಿ ಅಂತ. ಸುತ್ತಿದ ಮೇಲೆ ಕೆಲಸ ಒಂದೇ, ತಿರುಗಿಸುವುದು. ನಿಲ್ಲಿಸಿದರೆ ಬಿಸಿ ಗಾಜು ಕೆಳಗೆ ಜೋತು ಬೀಳುತ್ತದೆ. ಸಮನಾಗಿ ತಿರುಗಿಸುತ್ತಾ ಇದ್ದರೆ ಅದು ತಾನಾಗಿಯೇ ಗುಂಡಗಾಗುತ್ತದೆ, ತುದಿಗಳು ಒಳಕ್ಕೆ ಎಳೆದುಕೊಂಡು ಸಣ್ಣ ಕುಳಿ ಬೀಳುತ್ತದೆ. ಆ ಕುಳಿ ಬಿದ್ದರೆ ಮಣಿ ಸರಿಯಾಯಿತು ಅಂತ ಅರ್ಥ. ನನಗೆ ಅದು ಬಂದದ್ದು ಮೂರನೇ ಶನಿವಾರ.

ಆದರೆ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ತಿರುಗಿಸುವುದಲ್ಲ, ಎಳೆ ಎಳೆಯುವುದು. ಮಣಿಯ ಮೇಲೆ ಚುಕ್ಕಿ, ಗೆರೆ ಬಿಡಿಸಲು ನೂಲಿನಂಥ ಗಾಜಿನ ಎಳೆ ಬೇಕು. ಕಡ್ಡಿಯ ತುದಿಯಲ್ಲಿ ಒಂದು ಉಂಡೆ ಕರಗಿಸಿ, ಇನ್ನೊಂದು ಕಡ್ಡಿ ತಾಗಿಸಿ ಎಳೆಯಬೇಕು. ನಾನು ಉರಿಯಲ್ಲೇ ಎಳೆಯುತ್ತಿದ್ದೆ, ಸುಟ್ಟು ತುಂಡಾಗುತ್ತಿತ್ತು. ಹೊರಗೆ ತಂದ ಕೂಡಲೇ ಎಳೆದರೆ ಜೇಡರ ಬಲೆಯಷ್ಟು ತೆಳು. ತಡಮಾಡಿದರೆ ಅಲ್ಲಾಡುವುದೇ ಇಲ್ಲ. ಟೀಚರ್ ನನ್ನ ಪಕ್ಕ ನಿಂತು, ಉರಿಯಿಂದ ಹೊರಗೆ ತಂದು ಒಂದು ಉಸಿರು ತಡೆದುಕೋ, ಮೊದಲು ಮೆಲ್ಲಗೆ ಎಳೆ, ಆಮೇಲೆ ಜೋರು ಅಂದರು. ಕೇಳಿದ್ದೇ ನನಗೆ ಅಜ್ಜಿಯ ಬೆಲ್ಲದ ಪಾಕ ನೆನಪಾಯಿತು. ಅಜ್ಜಿ ಸೌಟಿನಿಂದ ಒಂದು ಹನಿ ತೆಗೆದು, ಎರಡು ಬೆರಳ ನಡುವೆ ಹಿಡಿದು ಬಿಡಿಸಿ ನೋಡುತ್ತಿದ್ದರು. ಎಳೆ ಬಂದರೆ ಹದ. ಒಂದು ನಿಮಿಷ ಆಚೆ ಈಚೆ ಆದರೆ ಉಂಡೆ ಕಟ್ಟುತ್ತಿರಲಿಲ್ಲ, ಇಲ್ಲವೇ ಕಲ್ಲಾಗುತ್ತಿತ್ತು. ಗಾಜೂ ಹಾಗೇ. ನೀರಿನ ಹಾಗೆ ಒಂದೇ ಸಲಕ್ಕೆ ಗಟ್ಟಿಯಾಗುವುದಿಲ್ಲ. ಜೇನು, ಪಾಕ, ಟಾಫಿ, ಕಲ್ಲು ಅಂತ ಹಂತ ಹಂತವಾಗಿ ಬಿಗಿಯುತ್ತದೆ. ಬಿಸಿ ಮಾಡುವುದು ಉರಿಯ ಒಳಗೆ, ಆಕಾರ ಕೊಡುವುದು ಉರಿಯ ಹೊರಗೆ. ಈ ಒಂದು ಮಾತು ತಲೆಗೆ ಹೋದ ಮೇಲೆ ನನ್ನ ಕೈ ಬದಲಾಯಿತು.

ಬಣ್ಣಗಳದ್ದೂ ಒಂದೊಂದು ಗುಣ. ನಾವು ಬಳಸುತ್ತಿದ್ದದ್ದು ಇಟಲಿಯ ಎಫೆಟ್ರೆ ಕಂಪನಿಯ ಕಡ್ಡಿಗಳು. ನವಿಲು ನೀಲಿಯ ಕಡ್ಡಿಯಲ್ಲಿ ತಾಮ್ರ ಇರುತ್ತದೆ. ಉರಿಗೆ ಆಕ್ಸಿಜನ್ ಕಡಿಮೆಯಾದರೆ ಅದರ ಮೈಮೇಲೆ ಇಟ್ಟಿಗೆ ಕೆಂಪಿನ ಪದರ ಬರುತ್ತದೆ. ಮೊದಲ ಸಲ ಮಣಿ ಹಾಳಾಯಿತು ಅಂತ ಬೇಸರ ಮಾಡಿಕೊಂಡಿದ್ದೆ, ಈಗ ಬೇಕೆಂದೇ ತರಿಸುತ್ತೇನೆ. ಕಪ್ಪು ಕಡ್ಡಿಯಂತೂ ನಿಜಕ್ಕೂ ಕಪ್ಪೇ ಅಲ್ಲ. ತೆಳುವಾಗಿ ಎಳೆದು ಬೆಳಕಿಗೆ ಹಿಡಿದರೆ ಕಡು ನೇರಳೆ.

ಮಣಿ ಆಯಿತು ಅಂದರೆ ಮುಗಿಯಲಿಲ್ಲ. ಅದನ್ನು ಹಾಗೇ ಮೇಜಿನ ಮೇಲಿಟ್ಟರೆ ಹೊರಮೈ ಬೇಗ ಆರುತ್ತದೆ, ಒಳಗೆ ಬಿಸಿ ಉಳಿಯುತ್ತದೆ. ಆ ಎಳೆದಾಟಕ್ಕೆ ಇವತ್ತಲ್ಲ ನಾಳೆ ಬಿರುಕು ಬಿಡುತ್ತದೆ. ಅದಕ್ಕೆ ಕಿಲ್ನ್ ಅನ್ನುವ ಕರೆಂಟಿನ ಗೂಡಿನಲ್ಲಿ ಸುಮಾರು 510 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು, ರಾತ್ರಿಯಿಡೀ ನಿಧಾನಕ್ಕೆ ಆರಿಸಬೇಕು. ಒಮ್ಮೆ ನಾನು ಬಹಳ ಇಷ್ಟಪಟ್ಟು ಮಾಡಿದ ಮಣಿ ಮರುದಿನ ಎರಡು ಹೋಳಾಗಿತ್ತು. ಹಿಂದಿನ ದಿನ ಮೇಜಿನ ಮೇಲಿದ್ದ ಪಾರದರ್ಶಕ ತುಂಡೊಂದನ್ನು ಕೇಳದೆ ತೆಗೆದುಕೊಂಡು ಚುಕ್ಕಿ ಇಟ್ಟಿದ್ದೆ. ಕರಗಲು ಯಾಕೋ ತುಂಬಾ ಹೊತ್ತು ಹಿಡಿದಿತ್ತು. ಅದು ಬೋರೋಸಿಲಿಕೇಟ್, ಕಾಲೇಜ್ ಲ್ಯಾಬ್‌ನ ಬೀಕರ್ ಮಾಡುವ ಗಾಜು. ಕಡಿಮೆ ಬಿಸಿಗೇ ಕರಗುವ ನಮ್ಮ ಮೆತ್ತನೆ ಗಾಜು ಬಿಸಿಗೆ ಅದಕ್ಕಿಂತ ಸುಮಾರು ಮೂರು ಪಟ್ಟು ಹಿಗ್ಗುತ್ತದೆ, ಆರುವಾಗ ಅಷ್ಟೇ ಕುಗ್ಗುತ್ತದೆ. ಎರಡೂ ಒಟ್ಟಿಗೆ ಬಾಳುವುದೇ ಇಲ್ಲ. ಅಂದಿನಿಂದ ಗೊತ್ತಿಲ್ಲದ ಕಡ್ಡಿ ಮುಟ್ಟುವುದಿಲ್ಲ. ಸಂಶಯ ಇದ್ದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಎರಡು ಪೋಲರೈಸ್ಡ್ ಹಾಳೆಗಳನ್ನು ಅಡ್ಡಡ್ಡ ಹಿಡಿದು, ನಡುವೆ ಗಾಜಿಟ್ಟು ಬೆಳಕಿಗೆ ನೋಡುತ್ತೇನೆ. ಒಳಗೆ ಎಳೆದಾಟ ಇರುವಲ್ಲಿ ಮಿಂಚಿನ ಹಾಗೆ ಹೊಳೆಯುತ್ತದೆ.

ಆರನೇ ವಾರ ಮುಗಿದ ಮೇಲೆ ಹಾರ್ವರ್ಡ್‌ನ ಮ್ಯೂಸಿಯಂಗೆ ಹೋದೆ. ಜರ್ಮನಿಯ ಡ್ರೆಸ್ಡೆನ್ ಹತ್ತಿರ ಇದ್ದ ಲಿಯೊಪೋಲ್ಡ್ ಬ್ಲಾಶ್ಕಾ ಮತ್ತು ಮಗ ರುಡಾಲ್ಫ್ ಮಾಡಿದ ಗಾಜಿನ ಗಿಡಗಳು ಅಲ್ಲಿವೆ. 1887ರಲ್ಲಿ ಶುರುವಾದ ಕೆಲಸ 1936ರವರೆಗೆ ನಡೆಯಿತು. 1895ರಲ್ಲಿ ಅಪ್ಪ ತೀರಿಕೊಂಡ ಮೇಲೆ ಮಗ ಮುಂದುವರಿಸಿದರು. ವಿದ್ಯಾರ್ಥಿಗಳಿಗೆ ಸಸ್ಯಶಾಸ್ತ್ರ ಕಲಿಸಲು ಮಾಡಿಸಿದ್ದವು, 4,000ಕ್ಕೂ ಜಾಸ್ತಿ ಮಾದರಿಗಳು. ಎರಡು ವರ್ಷ ಹಿಂದೆ ಒಮ್ಮೆ ನೋಡಿದ್ದೆ, ಆಗ ಚೆಂದ ಅಂದುಕೊಂಡು ಮುಂದೆ ಹೋಗಿದ್ದೆ. ಈ ಸಲ ಒಂದೊಂದರ ಮುಂದೆ ನಿಂತೆ. ಈ ಕೇಸರದ ಎಳೆ ಯಾವ ಬಿಸಿಯಲ್ಲಿ ಎಳೆದಿರಬಹುದು? ಇದನ್ನು ಬೆಸೆಯುವಾಗ ಪಕ್ಕದ್ದು ಹೇಗೆ ಕರಗಲಿಲ್ಲ? ಅವರ ಹತ್ತಿರ ಇದ್ದದ್ದು ದೀಪ, ಕಾಲಲ್ಲಿ ತುಳಿಯುವ ತಿದಿ. ಆ ಸಂಗ್ರಹದಲ್ಲಿ ಗೇರು ಕಂಡಾಗ ನನ್ನ ಕಣ್ಣು ತುಂಬಿತು. ಹಣ್ಣು, ಕೆಳಗೆ ಬೀಜ, ನಮ್ಮ ಗುಡ್ಡದಲ್ಲಿ ಇರುವ ಹಾಗೇ. ಪುತ್ತೂರಿನಲ್ಲಿ ಗೇರು ಸಂಶೋಧನೆಗೇ ಒಂದು ಕೇಂದ್ರ ಇದೆ. ಬೇಸಿಗೆ ರಜೆಯಲ್ಲಿ ಆ ಹಣ್ಣಿನ ಕಲೆ ಅಂಗಿಯಿಂದ ಹೋಗದೆ ಅಮ್ಮನ ಬೈಗುಳ ತಿಂದವಳು ನಾನು.

ತರಗತಿ ಮುಗಿದ ಮೇಲೂ ಸ್ಟುಡಿಯೊದಲ್ಲಿ ಗಂಟೆ ಲೆಕ್ಕದಲ್ಲಿ ಬರ್ನರ್ ಬಾಡಿಗೆಗೆ ತಗೊಂಡು ಹೋಗುತ್ತಿದ್ದೇನೆ. ಮಾಡುತ್ತಿರುವುದು ಗೇರುಹಣ್ಣು. ಹಣ್ಣಿನ ಭಾಗ ಬೇಗ ಬಂತು. ಬೀಜ ಸೇರುವ ಜಾಗದಲ್ಲೇ ಕಷ್ಟ. ಬೀಜವನ್ನು ತಿದ್ದುತ್ತಾ ಕೂತರೆ ಹಣ್ಣು ತಣ್ಣಗಾಗಿ, ಬೆಸೆದ ಕಡೆ ಟಿಕ್ ಅಂತ ಸಣ್ಣ ಶಬ್ದ ಬರುತ್ತದೆ. ಅಷ್ಟೇ, ಕಥೆ ಮುಗಿಯಿತು. ಪ್ರತಿ ಹತ್ತು ಸೆಕೆಂಡಿಗೊಮ್ಮೆ ಇಡೀ ಹಣ್ಣನ್ನು ಉರಿಯಲ್ಲಿ ಆಡಿಸಿ ಬೆಚ್ಚಗಿಡಬೇಕು. ಆರು ಒಡೆದವು. ಏಳನೆಯದು ಕಿಲ್ನ್‌ನಿಂದ ಇಡಿಯಾಗಿ ಹೊರಗೆ ಬಂತು.

ಅಮ್ಮನಿಗೆ ತೋರಿಸಿದೆ. ತುಂಬಾ ಹೊತ್ತು ನೋಡಿದರು. "ಹಣ್ಣು ಸರಿ ಉಂಟು. ಬೀಜ ಮಾತ್ರ ಇನ್ನೂ ಎಳತು. ಹಣ್ಣು ಇಷ್ಟು ಕೆಂಪಾದ ಮೇಲೆ ಬೀಜ ಹಸಿರು ಇರುವುದುಂಟಾ? ಬೂದು ಬಣ್ಣ ಬರಬೇಕು" ಅಂದರು.

ಹೌದು, ನಾನು ಗಮನಿಸಿಯೇ ಇರಲಿಲ್ಲ. ಬೂದು ಕಡ್ಡಿ ನನ್ನ ಹತ್ತಿರ ಇಲ್ಲ. ಆದರೆ ಆ ಕಪ್ಪು ಕಡ್ಡಿ ಇದೆಯಲ್ಲ, ಒಳಗೆ ನೇರಳೆ ಇರುವುದು. ಅದನ್ನು ಹಸಿರಿನ ಜೊತೆ ಕರಗಿಸಿ, ತಿರುಚಿ ತಿರುಚಿ ಬೆರೆಸಿದರೆ ಬೂದು ಬರಬಹುದು. ಈ ಶನಿವಾರ ಮೊದಲು ಅದರದ್ದೊಂದು ಎಳೆ ಎಳೆದು ಬೆಳಕಿಗೆ ಹಿಡಿದು ನೋಡುತ್ತೇನೆ.