ಕರೆಂಟ್ ಹೋಗಿ ಬಂದರೂ ಪ್ರಿಂಟರ್ ವಿಳಾಸ ಬದಲಾಗದಂತೆ ಮಾಡುವುದು ಹೇಗೆ?

"ಅಣ್ಣಾ, ನಿನ್ನೆ ಪ್ರಿಂಟ್ ಬರ್ತಿತ್ತು, ಇವತ್ತ ಬರವಲ್ದು." ಬೆಟಗೇರಿಯ ಮನೆಯಲ್ಲೇ ಲಗ್ನಪತ್ರಿಕೆಯ ಡಿಟಿಪಿ ಮಾಡುವ ತಂಗಿ ಹೀಗೆ ಫೋನ್ ಮಾಡಿದಾಗಲೆಲ್ಲ ಹಿಂದಿನ ರಾತ್ರಿ ಕರೆಂಟ್ ಹೋಗಿ ಬಂದಿರುತ್ತಿತ್ತು. ಪ್ರಿಂಟರ್ ಕೆಟ್ಟಿರಲಿಲ್ಲ. ರೌಟರ್ ಮತ್ತೆ ಶುರುವಾದಾಗ ಪ್ರಿಂಟರ್‌ಗೆ ಬೇರೆ ಐಪಿ ವಿಳಾಸ (ಮನೆಯ ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಕೊಟ್ಟಿತ್ತು, ಕಂಪ್ಯೂಟರ್ ಹಳೆಯ ವಿಳಾಸಕ್ಕೇ ಪುಟ ಕಳಿಸುತ್ತಿತ್ತು. ಮುದ್ರಣಕ್ಕೆ ಹೆಸರಾದ ಗದಗ-ಬೆಟಗೇರಿಯಲ್ಲಿ ಪಡಸಾಲೆಯಲ್ಲೇ ಇಂಥ ಕೆಲಸ ಇಟ್ಟುಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಬ್ರೌಸರ್‌ನಲ್ಲಿ ರೌಟರ್‌ನ ವಿಳಾಸ ಹಾಕಿ ಲಾಗಿನ್ ಆಗಿ. ವಿಳಾಸ, ಪಾಸ್‌ವರ್ಡ್ ಅದರ ತಳದ ಸ್ಟಿಕರ್ ಮೇಲಿರುತ್ತವೆ; ವಿಳಾಸ ಸಾಮಾನ್ಯವಾಗಿ 192.168.1.1 ಅಥವಾ 192.168.0.1.

ಎಡವುವುದು ಇದರ ಮುಂದೆ. ಹೆಚ್ಚಿನವರು ರೌಟರ್ ಬಿಟ್ಟು ವಿಂಡೋಸ್ ಸೆಟ್ಟಿಂಗ್ಸ್‌ಗೆ ಹೋಗಿ ಯಾವುದೋ ವಿಡಿಯೊದಲ್ಲಿ ಕಂಡ ಸಂಖ್ಯೆ ಹಾಕುತ್ತಾರೆ. ರೌಟರ್ 192.168.1.1 ಇದ್ದು ಕಂಪ್ಯೂಟರ್‌ಗೆ 192.168.0.5 ಕೊಟ್ಟರೆ ಇಂಟರ್‌ನೆಟ್ಟೇ ನಿಲ್ಲುತ್ತದೆ. ಮೂರನೆಯ ಸಂಖ್ಯೆ ಸರಿಯಿದ್ದರೂ ಅಪಾಯ ತಪ್ಪಿದ್ದಲ್ಲ. ತಂಗಿಯ ಕಂಪ್ಯೂಟರ್‌ಗೆ ಯಾರೋ 192.168.1.5 ಹಾಕಿಕೊಟ್ಟಿದ್ದರು. ಅದು ಆಫ್ ಇದ್ದಾಗ ರೌಟರ್ ಅದೇ 5ನ್ನು ಮನೆಗೆ ಬಂದ ಬೀಗರ ಫೋನಿಗೆ ಕೊಟ್ಟಿತು. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಇಬ್ಬರಿಗೂ ತೊಂದರೆ.

ಆದ್ದರಿಂದ ವಿಂಡೋಸ್‌ನಲ್ಲಿ ವಿಳಾಸ "ಆಟೋಮ್ಯಾಟಿಕ್" ಇರಲಿ. ವಿಳಾಸ ಕಾಯ್ದಿರಿಸುವುದು ರೌಟರ್‌ನಲ್ಲೇ ಆಗಲಿ. ಡಿಎಚ್‌ಸಿಪಿ (ರೌಟರ್ ತಾನಾಗಿ ವಿಳಾಸ ಹಂಚುವ ವ್ಯವಸ್ಥೆ) ಪುಟದಲ್ಲಿ ಬಂದುಹೋಗುವ ಫೋನುಗಳಿಗೆ ವಿಳಾಸದ ಕೊನೆಯ ಸಂಖ್ಯೆ 100ರಿಂದ 199 ಬಿಡಿ. ನಂತರ "ಅಡ್ರೆಸ್ ರಿಸರ್ವೇಶನ್"ನಲ್ಲಿ ಕಂಪ್ಯೂಟರ್‌ಗಳಿಗೆ 10, 11, ಪ್ರಿಂಟರ್‌ಗೆ 20 ಕೊಡಿ. ಕೆಲವು ರೌಟರ್‌ಗಳು 100-199ರ ಒಳಗಿನದನ್ನೇ ಕೇಳುತ್ತವೆ; ಹಾಗಾದರೆ 110, 111, 120 ಕೊಡಿ, ರೌಟರ್ ಅದನ್ನು ಬೇರೆಯವರಿಗೆ ಹಂಚುವುದಿಲ್ಲ.

ಇಲ್ಲಿ ಪ್ರತಿ ಸಾಧನದ ಮ್ಯಾಕ್ ವಿಳಾಸ (ರೌಟರ್ ಆ ಸಾಧನವನ್ನು ಗುರುತಿಸುವ ಹಾರ್ಡ್‌ವೇರ್ ಸಂಖ್ಯೆ) ಬೇಕು: ಎರಡೆರಡರ ಆರು ಜೋಡಿ, ಒಟ್ಟು 12 ಅಂಕಿ-ಅಕ್ಷರ. ಅದರಲ್ಲಿ 0ಯಿಂದ 9, ಎ ಯಿಂದ ಎಫ್ ಮಾತ್ರ ಬರುತ್ತವೆ, ಹಾಗಾಗಿ "ಓ" ಎಂದು ಕಂಡದ್ದು ಸೊನ್ನೆಯೇ. 8 ಮತ್ತು ಬಿ ಮಾತ್ರ ಬೆಳಕಿಗೆ ಹಿಡಿದು ನೋಡಿ. ತಂಗಿಯ ಪ್ರಿಂಟರ್‌ನಲ್ಲಿ ನಾವು ಒಂದು ತಾಸು ಕಳೆದುಕೊಂಡದ್ದು ಇದರಿಂದಲೇ. ಒಂದೇ ಕಂಪ್ಯೂಟರ್‌ನಲ್ಲಿ ವೈಫೈಗೊಂದು, ಕೇಬಲ್‌ಗೊಂದು ಮ್ಯಾಕ್ ಇರುತ್ತದೆ. ಯಾವುದರಿಂದ ಜೋಡಿಸಿದ್ದೀರೋ ಅದನ್ನೇ ಬರೆಯಿರಿ. ವೈಫೈಯಾದರೆ ವಿಂಡೋಸ್‌ನ "ರ್‍ಯಾಂಡಮ್ ಹಾರ್ಡ್‌ವೇರ್ ಅಡ್ರೆಸ್" ಆಫ್ ಮಾಡಿ, ಇಲ್ಲದಿದ್ದರೆ ಮ್ಯಾಕ್ ಬದಲಾಗಿ ಕಾಯ್ದಿರಿಸಿದ್ದು ವ್ಯರ್ಥ. ಆಗುವುದಾದರೆ ಪ್ರಿಂಟರ್‌ಗೆ ಕೇಬಲ್ಲೇ ಎಳೆಯಿರಿ.

ಇದಕ್ಕಾಗಿ ಇಂಟರ್‌ನೆಟ್ ಕಂಪನಿಗೆ ಹಣ ಕೊಟ್ಟು "ಸ್ಟ್ಯಾಟಿಕ್ ಐಪಿ" ಕೊಳ್ಳಬೇಡಿ. ಅದು ಹೊರಗಿನ ಜಗತ್ತಿಗೆ ಕಾಣುವ ವಿಳಾಸ, ಮನೆಯೊಳಗಿನ ಪ್ರಿಂಟರ್‌ಗೂ ಅದಕ್ಕೂ ಸಂಬಂಧವಿಲ್ಲ. ಮಾಳಿಗೆಗೆಂದು ಎರಡನೇ ರೌಟರ್ ಹಾಕಿದ್ದರೆ ಅದನ್ನು ವಿಳಾಸ ಹಂಚದೆ ವೈಫೈ ಮಾತ್ರ ಕೊಡುವ "ಆಕ್ಸೆಸ್ ಪಾಯಿಂಟ್" ಮೋಡ್‌ಗೆ ತನ್ನಿ. ಇಬ್ಬರು ವಿಳಾಸ ಹಂಚತೊಡಗಿದರೆ ಲೆಕ್ಕ ತಪ್ಪುತ್ತದೆ.

ಸೇವ್ ಮಾಡಿ ಎಲ್ಲವನ್ನೂ ಆಫ್ ಮಾಡಿ ಆನ್ ಮಾಡಿ. ಬಳಿಕ ಕಂಪ್ಯೂಟರ್‌ನಲ್ಲಿ ಹಳೆಯ ಪ್ರಿಂಟರ್ ಅಳಿಸಿ, "ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್" ಆರಿಸಿ, ಪ್ರಿಂಟರ್‌ಗೆ ಕಾಯ್ದಿರಿಸಿದ ವಿಳಾಸ (ರೌಟರ್ 192.168.1.1 ಇದ್ದು 20 ಕೊಟ್ಟಿದ್ದರೆ 192.168.1.20) ಹಾಕಿ ಹೊಸದಾಗಿ ಸೇರಿಸಿ. ಇದನ್ನು ಮರೆತು "ರೌಟರ್‌ನಲ್ಲಿ ಮಾಡಿದ್ರೂ ಆಗ್ಲಿಲ್ಲ" ಎನ್ನುವವರೇ ಬಹಳ. ಪರೀಕ್ಷೆಗೆ ಮೇನ್ ಸ್ವಿಚ್ ಒಮ್ಮೆ ಇಳಿಸಿ, ಐದು ನಿಮಿಷ ಬಿಟ್ಟು ಏರಿಸಿ, ಒಂದು ಪುಟ ಪ್ರಿಂಟ್ ಕೊಡಿ.